ಮನೆಯ ನಲ್ಲಿ: ತೊಟ್ಟಿಕ್ಕುವ ಹನಿಯ ಲೆಕ್ಕ

ಗಂಗಾವತಿ ಸೀಮೆಯ ಹೇಮಗುಡ್ಡದಂತಹ ಬಂಡೆಗುಡ್ಡಗಳ ಊರುಗಳಲ್ಲಿ ನೀರು ಬಲು ಅಮೂಲ್ಯವಾದುದು. ನಲ್ಲಿಯ ಸೋರಿಕೆಯನ್ನು ಗೃಹಸ್ಥರು ಅಲಕ್ಷಿಸಬಾರದು. ಗಂಟೆಗೆ 200 ಮಿಲಿಲೀಟರ್ ಸೋರಿದರೂ ತಿಂಗಳಿಗೆ 144 ಲೀಟರ್ ನಷ್ಟವಾಗುತ್ತದೆ.

ನಷ್ಟಕ್ಕಿಂತ ಮಿಗಿಲಾದ ಅಪಾಯವೂ ಉಂಟು. ನೀರು ಬಿಡುವುದು ನಿಂತೊಡನೆ ಕೊಳವೆಯ ಒತ್ತಡ ಕುಸಿದು, ಒಡಕಿನ ಮೂಲಕ ಚರಂಡಿಯ ಕೊಳೆ ಒಳಸೇರಬಹುದು. ಮಕ್ಕಳ ವಾಂತಿಭೇದಿಗೆ ಇದೇ ಮೂಲವಾದೀತು. ಆದುದರಿಂದ ಚರಂಡಿಯ ಬಳಿ ಹಾಯುವ ಕೊಳವೆಯನ್ನು ಮೊದಲು ಪರೀಕ್ಷಿಸಿರಿ.

ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೊಟ್ಟಿಯ ನೀರಿನ ಮಟ್ಟವನ್ನು ಗುರುತು ಹಾಕಿಡಿರಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲಿಯೋ ಸೋರಿಕೆಯಿದೆಯೆಂದು ತಿಳಿಯಬೇಕು.

ತಿರುಗಿಸುವ ನಲ್ಲಿ ತೊಟ್ಟಿಕ್ಕಿದರೆ ಬಹುಮಟ್ಟಿಗೆ ವಾಷರ್ ಸವೆದಿರುತ್ತದೆ. ಬಲವಾಗಿ ಬಿಗಿದರೆ ಅದು ಇನ್ನಷ್ಟು ಕೆಡುವುದು. ವಾಲ್ವ್ ಮುಚ್ಚಿ, ನಲ್ಲಿಯ ತಲೆ ಬಿಚ್ಚಿ, ಅದೇ ಅಳತೆಯ ಹೊಸ ವಾಷರ್ ಹಾಕಿರಿ. ತಿರುಪಿನ ಜೋಡಣೆ ಜಿನುಗಿದರೆ ಬಿಚ್ಚಿ, ಬಿಗಿಯಾಗುವ ದಿಕ್ಕಿನಲ್ಲಿಯೇ ಟೆಫ್ಲಾನ್ ಟೇಪ್ ಸುತ್ತಿರಿ. ಗಡಸು ನೀರಿನಿಂದ ಷವರಿನ ರಂಧ್ರಗಳಲ್ಲಿ ಕಟ್ಟಿದ ಸುಣ್ಣವು ನಿಂಬೆರಸದಲ್ಲಿ ನೆನೆಸಿದರೆ ಕರಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಕೊಪ್ಪಳ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕವಾಗಿದೆ. ಕುದಿಸಿದರೂ ಅದು ಹೋಗದು. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಬಳಕೆಗಷ್ಟೇ ಇರಿಸಿಕೊಳ್ಳಿರಿ.