ಹಳೇ ಮಾರುತಿ, ಮಿರ್ಚಿ ಬಾಣಲಿ: ಇಂಜಿನ್ ಒಳಗಿನ ಕಂದು ಕಲೆಗೆ ಹೆದರಬೇಕಾ?

ಇವತ್ತಿನ ಮಾತು ಮಾಸೂರಿನ ನಮ್ಮ ಮನೆ ಅಂಗಳದಿಂದಲೇ ಶುರು. ಅಲ್ಲಿ ಅಪ್ಪನ 2007ರ ಮಾರುತಿ 800 ನಿಂತಿರುತ್ತೆ. 15 ವರ್ಷ ತುಂಬಿದಾಗ ಎಫ್‌ಸಿ ಮಾಡಿಸಿ, ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸಿದ ಗಾಡಿ. ಒಂದಿನ ಆಯಿಲ್ ಹಾಕೋ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಲೋಹ ಹೊಳೀಬೇಕಾದ ಜಾಗದಲ್ಲಿ ಕಂದು ಬಣ್ಣ ಹಿಡಿದಿತ್ತು. ಒಬ್ಬ ಮೆಕ್ಯಾನಿಕ್ "ಫ್ಲಶ್ ಹೊಡಿಸ್ರಿ" ಅಂದ್ರು, ಇನ್ನೊಬ್ರು "ಇಂಜಿನ್ ಬಿಚ್ಚಬೇಕ್ರಿ" ಅಂದ್ರು. ಬಿಚ್ಚಿದರೆ ಗಾಡಿ ಬೆಲೆಗಿಂತ ಬಿಲ್ಲೇ ದೊಡ್ಡದು. ಅಪ್ಪ ಅಂತೂ "ಗುಜರಿಗೆ ಹಾಕೋಣ ಬಿಡು" ಅನ್ನೋವರೆಗೂ ಬಂದ್ರು.

ಹಾಗಾದ್ರೆ ಈ ಕಲೆ ಏನು? ಮಿರ್ಚಿ ಅಂಗಡಿಯ ಬಾಣಲಿ ನೆನಪು ಮಾಡ್ಕೊಳ್ಳಿ. ಅದೇ ಎಣ್ಣೆ ದಿನಾ ಕಾದು ಕಾದು, ಬಾಣಲಿ ಅಂಚಿಗೆ ಕಂದು ಪದರ ಕಟ್ಟುತ್ತೆ, ಉಜ್ಜಿದ್ರೂ ಬಿಡಲ್ಲ. ಇಂಜಿನ್ ಒಳಗೂ ಹೆಚ್ಚುಕಮ್ಮಿ ಅದೇ ಕಥೆ. ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿ ಆಯಿಲ್ ಕೆಡುತ್ತೆ. ಅಂದಾಜು ಹತ್ತು ಡಿಗ್ರಿ ಬಿಸಿ ಏರಿದರೆ ಕೆಡೋ ವೇಗ ಎರಡು ಪಟ್ಟು. ಕೆಟ್ಟ ಆಯಿಲ್ ಲೋಹಕ್ಕೆ ಅಂಟಿ ಗಟ್ಟಿಯಾದ ತೆಳು ಪದರವೇ ವಾರ್ನಿಶ್.

ನಮಗೆ ಬಂದ ಅನುಮಾನ ಬೇರೆ. ಗಾಡಿ ಓಡಿದ್ದೇ ಕಡಿಮೆ, ಕಲೆ ಎಲ್ಲಿಂದ ಬಂತು? ಉತ್ತರ ಅಪ್ಪನ ಡೈರಿಯಲ್ಲೇ ಇತ್ತು. ಆಯಿಲ್ ಬದಲಿಸಿದಾಗಲೆಲ್ಲ ಕಿಲೋಮೀಟರ್ ಬರೆದಿದ್ದಾರೆ, ತಾರೀಖು ಬರೆದಿಲ್ಲ. ಹತ್ತು ಸಾವಿರ ಕಿಲೋಮೀಟರ್ ಆಗ್ಲಿ ಅಂತ ಕಾದಿದ್ದಾರೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಬಸ್ ಸ್ಟ್ಯಾಂಡಿಗೆ ಓಡೋ ಗಾಡಿಗೆ ಅಷ್ಟಾಗೋಕೆ ಮೂರು ವರ್ಷ ಹಿಡಿದಿದೆ! ಬಿ.ಕಾಂ. ಓದಿದ ನನಗೂ ತಾರೀಖಿಲ್ಲದ ಆ ಲೆಕ್ಕ ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಚಿಕ್ಕ ಓಡಾಟದಿಂದ ಏನಾಗುತ್ತೆ ಅಂದ್ರೆ, ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತೆ. ಬಹುಪಾಲು ಆವಿಯಾಗಿ ಸೈಲೆನ್ಸರಿಂದ ಹೋಗುತ್ತೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು, ಉರಿಯದ ಪೆಟ್ರೋಲ್ ಜೊತೆ ಆಯಿಲ್‌ಗೆ ಸೇರುತ್ತೆ. ಇಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತೆ. ಎರಡು ಕಿಲೋಮೀಟರ್‌ಗೆ ಆಫ್ ಮಾಡಿದರೆ ಆಯಿಲ್ ಕಾಯೋದೇ ಇಲ್ಲ, ಎಲ್ಲಾ ಅಲ್ಲೇ ಉಳಿಯುತ್ತೆ. ಆಯಿಲ್‌ನಲ್ಲಿರೋ ಕೊಳೆ ತೊಳೆಯೋ ರಾಸಾಯನಿಕಗಳೂ ಬೇಗ ಮುಗಿಯುತ್ತವೆ.

ಈಗ ಮುಖ್ಯ ವಿಷಯ: ವಾರ್ನಿಶ್ ಬೇರೆ, ಕೆಸರು ಬೇರೆ. ಗಾಡಿ ಆರಿದ ಮೇಲೆ ಮುಚ್ಚಳದ ಒಳಗೆ ಬೆರಳಾಡಿಸಿ. ಬಣ್ಣ ಮಾತ್ರ ಇದ್ದು ಕೈಗೆ ಏನೂ ಬರದಿದ್ರೆ ಅದು ವಾರ್ನಿಶ್. ಅಲ್ಲಿ ಅದರಿಂದ ಅಂಥ ತೊಂದರೆ ಇಲ್ಲ. ಕಪ್ಪು ಗ್ರೀಸ್ ಥರ ಬಳಿದುಕೊಂಡು ಬಂದ್ರೆ ಅದು ಕೆಸರು, ಅದಕ್ಕೆ ಹೆದರಬೇಕು. ಅದೇ ವಾರ್ನಿಶ್ ಪಿಸ್ಟನ್ ರಿಂಗಿಗೆ ಕಟ್ಟಿದರೂ ಕಷ್ಟ: ರಿಂಗ್ ಅಂಟಿಕೊಂಡು, ಆಯಿಲ್ ಉರಿದು, ನೀಲಿ ಹೊಗೆ ಬರುತ್ತೆ. ನಮ್ಮ ಗಾಡಿಯಲ್ಲಿ ಬೆರಳಿಗೆ ಕೆಸರು ಬರಲಿಲ್ಲ, ಹೊಗೆಯೂ ಇರಲಿಲ್ಲ.

ಹಾಗಾಗಿ ಫ್ಲಶ್ ಬೇಡ ಅಂತ ತೀರ್ಮಾನ ಮಾಡಿದ್ವಿ. ಖಾರವಾದ ಫ್ಲಶ್ ವರ್ಷಗಟ್ಟಲೆ ಕೂತ ಕೊಳೆಯನ್ನ ಒಂದೇ ಸಲ ಎಬ್ಬಿಸಬಹುದು. ಅದು ಚೇಂಬರ್‌ನಲ್ಲಿರೋ ಆಯಿಲ್ ಜಾಲರಿಗೆ ಸಿಕ್ಕಿಕೊಂಡರೆ ಮೇಲಕ್ಕೆ ಆಯಿಲ್ ಏರಲ್ಲ, ಬೇರಿಂಗ್ ಹೋಗುತ್ತೆ. ಚೆನ್ನಾಗಿದ್ದ ಇಂಜಿನ್ ಆಗ ನಿಜವಾಗಿಯೂ ಬಿಚ್ಚೋ ಹಾಗಾಗುತ್ತೆ.

ನಾವು ಮಾಡಿದ್ದು ಇಷ್ಟು. ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್, ಜೊತೆಗೆ ಹೊಸ ಫಿಲ್ಟರ್. ಡಬ್ಬಿ ಮೇಲೆ ಎಪಿಐ ಅಂತ ಬರೆದಿರುತ್ತೆ; ಪೆಟ್ರೋಲ್ ಗಾಡಿಗೆ 'ಎಸ್'ನಿಂದ ಶುರುವಾಗೋ ಎಸ್‌ಎನ್, ಎಸ್‌ಪಿ ಥರದ್ದು ತಗೊಳ್ಳಿ. ಮೂರು ತಿಂಗಳಿಗೇ ಇನ್ನೊಮ್ಮೆ ಬದಲಿಸಿದ್ವಿ. ಹೊಸ ಆಯಿಲ್ ಬೇಗ ಕಪ್ಪಾಯ್ತು ಅಂತ ಗಾಬರಿ ಬೇಡ, ಅದು ಕೊಳೆಯನ್ನ ಎತ್ತಿಕೊಳ್ತಿದೆ ಅಂತ ಅರ್ಥ. ಇಂಜಿನ್ ಗಾಳಿ ಹೊರಗೆಳೆಯೋ ಪಿಸಿವಿ ವಾಲ್ವ್ ಕಟ್ಟಿಲ್ಲ ಅಂತ ನೋಡಿಸಿದ್ವಿ. ವಾರಕ್ಕೊಮ್ಮೆ ಶಿಕಾರಿಪುರದ ಕಡೆಗೋ ರಟ್ಟೀಹಳ್ಳಿ ಕಡೆಗೋ ಅರ್ಧ ಗಂಟೆ ಓಡಿಸ್ತೀವಿ. ಇನ್ಮುಂದೆ ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು.

ತೆಗೆದ ಆಯಿಲ್ ಚರಂಡಿಗೆ ಸುರೀಬೇಡಿ, ಮಳೆ ಬಂದ್ರೆ ಅದು ನಮ್ಮ ಕುಮುದ್ವತಿಗೇ ಸೇರೋದು. ಡಬ್ಬಿಯಲ್ಲಿ ತುಂಬಿ, ಹಳೇ ಆಯಿಲ್ ಕೂಡಿಟ್ಟು ಕೊಡೋ ಗ್ಯಾರೇಜಿಗೆ ಕೊಡಿ.

ಕಲೆ ಇನ್ನೂ ಹಾಗೇ ಇದೆ, ಅದು ಪೂರ್ತಿ ಹೋಗಲ್ಲ. ಆದರೆ ಗೇಜ್ ಕಡ್ಡಿಯಲ್ಲಿ ಆಯಿಲ್ ಮಟ್ಟ ಇಳಿದಿಲ್ಲ, ಗಾಡಿ ಓಡ್ತಿದೆ. ಅಪ್ಪ ಗುಜರಿ ಮಾತು ಬಿಟ್ಟಿದ್ದಾರೆ. ಡೈರಿಯಲ್ಲಿ ಈಗ ಕಿಲೋಮೀಟರ್ ಪಕ್ಕ ತಾರೀಖೂ ಬರೀತಾರೆ. ನಿಮ್ಮ ಮನೆ ಗಾಡಿಗೆ ಕೊನೇ ಸಲ ಆಯಿಲ್ ಬದಲಿಸಿದ್ದು ಯಾವ ತಾರೀಖಿಗೆ? ನೆನಪಾಗದಿದ್ರೆ ಅದೇ ಉತ್ತರ. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.