ಮಾಸಿದ ದಿನಾಂಕ, ಉಳಿದ ನೆನಪು: ಪೆಲ್ ಪ್ರಕರಣ ಹೇಳುವುದೇನು?

ಬಾಲ್ಯದಲ್ಲಿ ಅನುಭವಿಸಿದ ಲೈಂಗಿಕ ದೌರ್ಜನ್ಯವನ್ನು ಬಾಯಿಬಿಟ್ಟು ಹೇಳಲು ಸಂತ್ರಸ್ತರಿಗೆ ದಶಕಗಳೇ ಬೇಕಾಗುತ್ತವೆ. ಆಸ್ಟ್ರೇಲಿಯಾದ ರಾಯಲ್ ಆಯೋಗವು 2017ರ ಅಂತಿಮ ವರದಿಯಲ್ಲಿ ಈ ಅವಧಿ ಸರಾಸರಿ 23.9 ವರ್ಷ ಎಂದು ದಾಖಲಿಸಿದೆ. ಅಷ್ಟು ತಡವಾಗಿ ಬಂದ ದೂರನ್ನು ನ್ಯಾಯಾಲಯ ಹೇಗೆ ಅಳೆಯಬೇಕು? ದಿನಾಂಕ ಮಸುಕಾಗಿ, ಸಾಕ್ಷಿಗಳ ನೆನಪು ಮಾಸಿರುವಾಗ ಸಂಶಯದ ಲಾಭ ಯಾರಿಗೆ? ಕಾರ್ಡಿನಲ್ ಜಾರ್ಜ್ ಪೆಲ್ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯಗಳು ಎದುರಿಸಿದ್ದು ಈ ಪ್ರಶ್ನೆಗಳನ್ನೇ.

ಪ್ರಕರಣದ ಹಿನ್ನೆಲೆ

ಪೆಲ್ 1996ರಲ್ಲಿ ಮೆಲ್ಬರ್ನ್‌ನ ಆರ್ಚ್‌ಬಿಷಪ್ ಆದರು. ಆ ವರ್ಷದ ಉತ್ತರಾರ್ಧದ ಒಂದು ಭಾನುವಾರ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ ಬಲಿಪೂಜೆ ಮುಗಿದ ಬಳಿಕ, ಪಾದ್ರಿಗಳು ಪೂಜಾವಸ್ತ್ರ ಧರಿಸುವ ಕೊಠಡಿಯಲ್ಲಿ ಅವರು ತನ್ನ ಮೇಲೂ ಗೆಳೆಯನ ಮೇಲೂ ದೌರ್ಜನ್ಯ ಎಸಗಿದರೆಂದು ಗಾಯನ ತಂಡದಲ್ಲಿದ್ದ ವ್ಯಕ್ತಿಯೊಬ್ಬರು 2015ರಲ್ಲಿ ದೂರು ನೀಡಿದರು. ಘಟನೆಯ ವೇಳೆ ಬಾಲಕರಿಬ್ಬರಿಗೂ 13 ವರ್ಷ. ಗೆಳೆಯ 2014ರಲ್ಲಿ ತೀರಿಕೊಂಡಿದ್ದರು. ಪೆಲ್ ಆರೋಪವನ್ನು ಪೂರ್ಣವಾಗಿ ಅಲ್ಲಗಳೆದರು. ಹೀಗಾಗಿ ಆರೋಪದ ಇಡೀ ಭಾರ ಒಬ್ಬರೇ ಸಾಕ್ಷಿಯ ನೆನಪಿನ ಮೇಲೆ ಬಿತ್ತು.

ದಿನಾಂಕ ಗೊತ್ತಾದದ್ದು ಹೇಗೆ?

ದೂರುದಾರರಿಗೆ ನಿಖರ ದಿನ ನೆನಪಿರಲಿಲ್ಲ. ಆರೋಪಪಟ್ಟಿಯಲ್ಲಿ ಮೊದಲ ಘಟನೆಯ ಅವಧಿ ಜುಲೈನಿಂದ ಡಿಸೆಂಬರ್‌ವರೆಗೆ ಎಂದಿತ್ತು. ಆದರೆ ಆರ್ಚ್‌ಬಿಷಪ್ ಆದ ಬಳಿಕ ಪೆಲ್ ಆ ಕೆಥೆಡ್ರಲ್‌ನಲ್ಲಿ ಭಾನುವಾರದ ಮಹಾಪೂಜೆಯನ್ನು ಮೊದಲ ಎರಡು ಬಾರಿ ನೆರವೇರಿಸಿದ್ದು ಡಿಸೆಂಬರ್ 15 ಮತ್ತು 22ರಂದು. ವಿಚಾರಣೆ ಈ ಎರಡು ದಿನಗಳ ಸುತ್ತಲೇ ಸುತ್ತಿತು.

ದಿನ ಗೊತ್ತಾದೊಡನೆ ಅಂದು ಯಾರು ಎಲ್ಲಿದ್ದರು ಎಂಬ ಪ್ರಶ್ನೆ ಎದ್ದಿತು. ಪೂಜೆಯ ನಂತರ ಪೆಲ್ ಬಾಗಿಲ ಮೆಟ್ಟಿಲ ಬಳಿ ನಿಂತು ಭಕ್ತರನ್ನು ಮಾತನಾಡಿಸುತ್ತಿದ್ದರು, ಪೂಜಾವಸ್ತ್ರದಲ್ಲಿರುವಾಗ ಅವರ ಜತೆ ಯಾರಾದರೂ ಇರುತ್ತಿದ್ದರು, ಆ ಕೊಠಡಿಯಲ್ಲಿ ಜನರ ಓಡಾಟವಿರುತ್ತಿತ್ತು ಎಂದು ಕೆಥೆಡ್ರಲ್ ಸಿಬ್ಬಂದಿ ಸಾಕ್ಷ್ಯ ನುಡಿದರು. ಇದು ಬಹುಮಟ್ಟಿಗೆ ವಾಡಿಕೆಯ ನೆನಪು. ವಾಡಿಕೆಗೆ ಒಂದು ದಿನ ಅಪವಾದ ಇರಲಾರದೇ ಎಂಬುದು ಪ್ರಾಸಿಕ್ಯೂಷನ್ ಎತ್ತಿದ ಪ್ರಶ್ನೆ.

ಭಿನ್ನ ತೀರ್ಪುಗಳು

2018ರಲ್ಲಿ ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಎರಡನೆಯ ಜ್ಯೂರಿ ಪೆಲ್ ತಪ್ಪಿತಸ್ಥರೆಂದಿತು. 2019ರ ಮಾರ್ಚ್‌ನಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು. ವಿಕ್ಟೋರಿಯಾದ ಮೇಲ್ಮನವಿ ನ್ಯಾಯಾಲಯ 2-1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. 2020ರ ಏಪ್ರಿಲ್ 7ರಂದು ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್‌ನ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಪೆಲ್ ಅವರನ್ನು ಬಿಡುಗಡೆ ಮಾಡಿದರು. ಪೆಲ್ 2023ರಲ್ಲಿ ನಿಧನರಾದರು.

ಹೈಕೋರ್ಟ್ ದೂರುದಾರರನ್ನು ಸುಳ್ಳುಗಾರರೆನ್ನಲಿಲ್ಲ ಎಂಬುದು ಗಮನಾರ್ಹ. ಜ್ಯೂರಿ ಅವರನ್ನು ನಂಬಿತ್ತು ಎಂಬ ನೆಲೆಯಿಂದಲೇ ಅದು ಹೊರಟಿತು. ಆದರೆ ಉಳಿದ ಸಾಕ್ಷ್ಯಗಳನ್ನು ಒಟ್ಟಾಗಿ ನೋಡಿದಾಗ ಸಮಂಜಸ ಸಂಶಯ ಉಳಿಯಲೇಬೇಕಿತ್ತು ಎಂದಿತು. ಘಟನೆ ನಡೆದಿರಲು ಸಾಧ್ಯವೇ ಎಂದಷ್ಟೇ ಕೇಳಿದರೆ, ಅಸಾಧ್ಯವೆಂದು ತೋರಿಸುವ ಹೊಣೆ ಆರೋಪಿಯ ಹೆಗಲೇರುತ್ತದೆ. ಬಹುಮತದ ತೀರ್ಪಿನಲ್ಲಿ ಹೈಕೋರ್ಟ್ ಕಂಡ ದೋಷ ಇದು.

ಭಾರತದ ನೋಟ

ಇದರರ್ಥ ದಿನ, ಗಂಟೆ ಹೇಳಲಾಗದ ಸಂತ್ರಸ್ತರಿಗೆ ನ್ಯಾಯವಿಲ್ಲ ಎಂದಲ್ಲ. ಗುಜರಾತ್‌ನ ಬಾಲಕಿಯರ ಮೇಲಿನ ದೌರ್ಜನ್ಯದ ಪ್ರಕರಣವೊಂದರಲ್ಲಿ ಭಾರತದ ಸುಪ್ರೀಂ ಕೋರ್ಟ್ 1983ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಸಾಕ್ಷಿಯ ನೆನಪು ಛಾಯಾಚಿತ್ರವಲ್ಲ, ಸಮಯದ ಬಗ್ಗೆ ಜನ ಹೇಳುವುದು ಅಂದಾಜನ್ನೇ, ಸಣ್ಣಪುಟ್ಟ ವ್ಯತ್ಯಾಸಗಳಿಂದ ಸಾಕ್ಷ್ಯದ ತಿರುಳು ಬಿದ್ದುಹೋಗದು ಎಂಬುದು ಆ ತೀರ್ಪಿನ ಸಾರ. ಅಲ್ಲಿ ಆರೋಪಿಯ ಅಪರಾಧ ಸ್ಥಿರಪಟ್ಟಿತು.

ಎರಡೂ ತೀರ್ಪುಗಳ ನಡುವೆ ವಿರೋಧವಿಲ್ಲ. ಸಂತ್ರಸ್ತರ ಮರೆವು ಅವರ ಮಾತನ್ನು ಸುಳ್ಳಾಗಿಸುವುದಿಲ್ಲ ಎಂದು ಒಂದು ಹೇಳಿದರೆ, ಅವರ ಮೇಲಿನ ನಂಬಿಕೆಯೊಂದೇ ಉಳಿದ ಸಾಕ್ಷ್ಯವನ್ನು ಅಳಿಸಲಾರದು ಎಂದು ಇನ್ನೊಂದು ಹೇಳುತ್ತದೆ. ಹಾಜರಿ ಪುಸ್ತಕ, ಕಾರ್ಯಕ್ರಮ ಪಟ್ಟಿ, ಅಂದು ಅಲ್ಲಿದ್ದವರ ಹೇಳಿಕೆಗಳನ್ನು ತನಿಖಾಧಿಕಾರಿಗಳು ಎಷ್ಟು ಬೇಗ ಕಲೆಹಾಕುತ್ತಾರೋ, ಸಂತ್ರಸ್ತರ ನೆನಪಿನ ಮೇಲಿನ ಭಾರ ಅಷ್ಟು ಇಳಿಯುತ್ತದೆ.