ಕೂಸನ್ನು ಕರೆತರಲು ಹೊರಟವರಿಗೆ ಒಂದಿಷ್ಟು ಆರೋಗ್ಯದ ಮಾತು

ದತ್ತು ಎಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ನರಗುಂದದ ಬಾಬಾಸಾಹೇಬರು ಮಗುವನ್ನು ದತ್ತು ತೆಗೆದುಕೊಳ್ಳಲು ಆಂಗ್ಲರು ಅನುಮತಿ ನಿರಾಕರಿಸಿದ್ದು 1858ರ ಬಂಡಾಯದ ಕಾರಣಗಳಲ್ಲಿ ಒಂದು. ಅದೇ ವರ್ಷ ಮುಂಡರಗಿಯ ಭೀಮರಾಯರೂ ಆಂಗ್ಲರ ವಿರುದ್ಧ ಎದ್ದು ನಿಂತರು. ಅಂದು ದತ್ತು ಎಂದರೆ ಸಂಸ್ಥಾನಕ್ಕೆ ಒಬ್ಬ ವಾರಸುದಾರ. ಇಂದು ಹಾಗಲ್ಲ. ಮಗುವಿಲ್ಲದ ಮನೆಗೆ ಒಂದು ಮಗು, ಮನೆಯಿಲ್ಲದ ಮಗುವಿಗೆ ಒಂದು ಮನೆ.

ಹಿಂದೆ ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ದತ್ತು ತೆಗೆದುಕೊಂಡು ಪಂಕ್ತಿಭೋಜನ ಹಾಕಿಸಿದರೆ ಕೆಲಸ ಮುಗಿಯುತ್ತಿತ್ತು. ಈಗ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳ ದಂಪತಿಗಳೂ ಕೇಂದ್ರ ಸರ್ಕಾರದ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ‘ಕಾರಾ’ದಲ್ಲಿ ಹೆಸರು ನೋಂದಾಯಿಸುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ. ಒಂದು ದಿನ ಮಗುವಿನ ಭಾವಚಿತ್ರವೂ ವೈದ್ಯಕೀಯ ವರದಿಯೂ ಬರುತ್ತದೆ. ಮಗು ಇರುವುದು ಪಕ್ಕದ ಜಿಲ್ಲೆಯಲ್ಲಾಗಿರಬಹುದು, ಕಂಡರಿಯದ ದೂರದ ರಾಜ್ಯದಲ್ಲಾಗಿರಬಹುದು. ಆಗ ಮನೆಯಲ್ಲಿ ಸಂತೋಷದ ಜೊತೆಗೆ ಗಾಬರಿಯೂ ಶುರುವಾಗುತ್ತದೆ. ಅಂಥವರಿಗಾಗಿ ಈ ವಾರದ ಲೇಖನ.

ಮೊದಲು ನಿಮ್ಮ ಆರೋಗ್ಯ

‘ಡಾಕ್ಟರೇ, ನನಗೆ ಸಕ್ಕರೆ ಕಾಯಿಲೆ ಇದೆ, ನನಗೆ ಮಗು ಕೊಡುತ್ತಾರೆಯೇ?’ ಎಂದು ಕೇಳುವವರಿದ್ದಾರೆ. ದತ್ತು ಪಡೆಯುವವರು ದೈಹಿಕವಾಗಿ, ಮಾನಸಿಕವಾಗಿ ಸಮರ್ಥರಾಗಿರಬೇಕು, ಜೀವಕ್ಕೆ ಅಪಾಯ ತರುವ ಕಾಯಿಲೆ ಇರಬಾರದು ಎಂದು ನಿಯಮ ಹೇಳುತ್ತದೆ. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಯಾಗಲಿ, ರಕ್ತದೊತ್ತಡವಾಗಲಿ, ಥೈರಾಯ್ಡ್ ತೊಂದರೆಯಾಗಲಿ ಅಂಥ ಕಾಯಿಲೆಗಳಲ್ಲ. ಮುಚ್ಚಿಡಬೇಡಿ, ಗುಳಿಗೆ ಬಿಡಬೇಡಿ.

ವಯಸ್ಸಿನ ಲೆಕ್ಕವೂ ತಿಳಿದಿರಲಿ. 2022ರ ದತ್ತು ನಿಯಮಗಳ ಪ್ರಕಾರ 2 ವರ್ಷದೊಳಗಿನ ಮಗು ಬೇಕಾದರೆ ಗಂಡಹೆಂಡಿರ ವಯಸ್ಸು ಕೂಡಿಸಿದಾಗ 85 ಮೀರಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8 ವರ್ಷದ ಮಗುವಿಗೆ 100. ಆದ್ದರಿಂದ ಬಂಜೆತನದ ಚಿಕಿತ್ಸೆಗೆಂದು ಊರೂರು ಅಲೆದು ದಣಿದ ಮೇಲೆ ದತ್ತುವಿನ ಯೋಚನೆ ಮಾಡುವವರು ಆ ಯೋಚನೆಯನ್ನು ಸ್ವಲ್ಪ ಮುಂಚೆಯೇ ಮಾಡುವುದು ಒಳ್ಳೆಯದು.

ಇನ್ನೊಂದು ಮುಖ್ಯ ಸಂಗತಿ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮು ಇದ್ದರೆ ಮಗು ಬರುವ ಮುಂಚೆಯೇ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಕೂಸುಗಳಿಗೆ ಕ್ಷಯ ಅಂಟುವುದು ಬಹುಮಟ್ಟಿಗೆ ಮನೆಯ ದೊಡ್ಡವರಿಂದಲೇ. ಬೀಡಿ, ಸಿಗರೇಟು ಬಿಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಇಲ್ಲ.

ವರದಿ ಕೈಗೆ ಬಂದಾಗ

ಮಗುವಿನ ವಿವರ ಬಂದ ಮೇಲೆ 48 ಗಂಟೆಗಳೊಳಗೆ ಆ ಮಗುವನ್ನು ಕಾಯ್ದಿರಿಸಬೇಕು. ಆಮೇಲೆ ಸಂಸ್ಥೆಗೆ ಹೋಗಿ ಮಗುವನ್ನು ಕಂಡು ಒಪ್ಪಿಗೆ ಕೊಡುವ ಕೆಲಸ 30 ದಿನಗಳೊಳಗೆ ಮುಗಿಯಬೇಕು. ವರದಿಯನ್ನು ನೀವು ನಂಬುವ ವೈದ್ಯರಿಗೆ ತೋರಿಸಿ ಕೇಳುವ ಹಕ್ಕು ನಿಮಗಿದೆ. ಅದನ್ನು ತಪ್ಪದೆ ಬಳಸಿಕೊಳ್ಳಿ. ಮಕ್ಕಳ ತಜ್ಞರಾದರೆ ಇನ್ನೂ ಮೇಲು.

ವರದಿಯಲ್ಲಿ ಏನು ನೋಡಬೇಕು? ತೂಕ, ಎತ್ತರ, ತಲೆಯ ಸುತ್ತಳತೆ ಈ ಮೂರು ಮುಖ್ಯ. ಒಂದೇ ದಿನದ ತೂಕದಿಂದ ಏನೂ ತಿಳಿಯುವುದಿಲ್ಲ. ಸಂಸ್ಥೆಗೆ ಬಂದ ದಿನದಿಂದ ತಿಂಗಳು ತಿಂಗಳಿನ ತೂಕ ಕೇಳಿ ಪಡೆಯಿರಿ. ಕಡಿಮೆ ತೂಕದ ಮಗು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅದು ಶುಭಸೂಚನೆ. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, 2 ವರ್ಷ ತುಂಬುವವರೆಗೆ ಆ ಕೊರತೆಯ ವಾರಗಳನ್ನು ಕಳೆದು ವಯಸ್ಸು ಲೆಕ್ಕ ಹಾಕಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ 8 ತಿಂಗಳ ಕೂಸನ್ನು 6 ತಿಂಗಳ ಕೂಸಿನೊಂದಿಗೆ ಹೋಲಿಸಬೇಕು. ತೊಟ್ಟಿಲಲ್ಲೋ ಬಸ್ ನಿಲ್ದಾಣದಲ್ಲೋ ಸಿಕ್ಕ ಮಗುವಿನ ಜನ್ಮದಿನ ಅಂದಾಜಿನದು ಎಂಬುದೂ ನೆನಪಿರಲಿ.

ಕಳೆದ ವರ್ಷ ಮುಂಡರಗಿ ಕಡೆಯ ದಂಪತಿಗಳು ಇಂಥ ವರದಿ ಹಿಡಿದು ಬಂದಿದ್ದರು. ‘ಏಚ್‌ಐವಿ ಪ್ರತಿಕಾಯ ಇದೆ’ ಎಂಬ ಸಾಲು ಓದಿ ತಾಯಿಯಾಗಬೇಕಿದ್ದಾಕೆ ರಾತ್ರಿಯೆಲ್ಲ ಅತ್ತಿದ್ದರು. ಮಗುವಿಗೆ 5 ತಿಂಗಳು. ಹೆತ್ತ ತಾಯಿಗೆ ಸೋಂಕಿದ್ದರೆ ಆಕೆಯ ರಕ್ತದ ಪ್ರತಿಕಾಯಗಳು ಮಗುವಿನ ಮೈಯಲ್ಲಿ 18 ತಿಂಗಳವರೆಗೂ ಉಳಿಯಬಹುದು. ಅವು ಇದ್ದ ಮಾತ್ರಕ್ಕೆ ಮಗುವಿಗೆ ಸೋಂಕು ತಗುಲಿದೆ ಎಂದಲ್ಲ. ವೈರಾಣುವನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆಯ ಫಲಿತಾಂಶ ಕೇಳಿ ಎಂದು ಬರೆದುಕೊಟ್ಟೆ. ಸಂಸ್ಥೆಯವರ ಕಡತದಲ್ಲಿ ಅದೂ ಇತ್ತು, ಸೋಂಕು ಇಲ್ಲ ಎಂದಿತ್ತು. ಒಂದು ಸಾಲಿನ ಅರ್ಥ ತಿಳಿಯದೆ ಆ ಕೂಸು ತನ್ನ ಮನೆಯನ್ನು ಕಳೆದುಕೊಳ್ಳುವುದರಲ್ಲಿತ್ತು.

ಇನ್ನು ಹೆಪಟೈಟಿಸ್ ಬಿ, ಥೈರಾಯ್ಡ್ ಕೊರತೆ, ಸೀಳುತುಟಿ, ಹೃದಯದಲ್ಲಿ ಸಣ್ಣ ರಂಧ್ರ ಮುಂತಾದವು ವರದಿಯಲ್ಲಿ ಬರಬಹುದು. ಇವುಗಳಿಗೆಲ್ಲ ಇಂದು ಚಿಕಿತ್ಸೆಯೋ ನಿರ್ವಹಣೆಯೋ ಇದೆ. ನಿಮ್ಮಿಂದ ಆಗುತ್ತದೆಯೇ ಎಂದು ಪ್ರಾಮಾಣಿಕವಾಗಿ ಯೋಚಿಸಿ. ಆಗುವುದಿಲ್ಲ ಎನಿಸಿದರೆ ಮೊದಲೇ ಹೇಳಿಬಿಡುವುದು, ಕರೆತಂದು ಮರಳಿ ಬಿಡುವುದಕ್ಕಿಂತ ಸಾವಿರ ಪಾಲು ಲೇಸು. ಆದರೆ ‘ಮುಂದೆ ಏನೂ ಆಗುವುದಿಲ್ಲ ಎಂದು ಗ್ಯಾರಂಟಿ ಕೊಡಿ’ ಎಂದು ವೈದ್ಯರನ್ನು ಕೇಳಬೇಡಿ. ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೂ ಅಂಥ ಗ್ಯಾರಂಟಿ ಇಲ್ಲ.

ಅಡ್ಡದಾರಿ ಬೇಡ

‘ಇಂತಿಷ್ಟು ಕೊಟ್ಟರೆ ನಾಳೆಯೇ ಕೂಸು’ ಎನ್ನುವ ಮಧ್ಯವರ್ತಿಗಳಿರುತ್ತಾರೆ. ಮಗುವಿನ ಮಾರಾಟಕ್ಕೆ, ಖರೀದಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 5 ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡವಿದೆ. ಹಾಗೆ ಬಂದ ಮಗುವಿನ ಆರೋಗ್ಯದ ದಾಖಲೆಯೂ ಇರುವುದಿಲ್ಲ, ಕಾನೂನಿನ ರಕ್ಷಣೆಯೂ ಇರುವುದಿಲ್ಲ. ಬಿಟ್ಟುಹೋದ ಮಗು ಕಂಡರೆ 1098ಕ್ಕೆ ಫೋನು ಮಾಡಿ. ಸರಿಯಾದ ದಾರಿಯಲ್ಲಿ ಹೋದವರಿಗೆ ಈಗ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿಗಳು. 2022ರ ಸೆಪ್ಟೆಂಬರ್‌ಗೆ ಮುಂಚೆ ಇದಕ್ಕೆ ನ್ಯಾಯಾಲಯಕ್ಕೆ ಹೋಗಬೇಕಿತ್ತು.

ನಮ್ಮ ಊರುಗಳಿಂದ ಹೋಗಿ ಪರದೇಶದಲ್ಲಿ ನೆಲೆಸಿದವರೂ ಇಲ್ಲಿಗೆ ಬಂದು ಮಗುವನ್ನು ದತ್ತು ಪಡೆಯಬಹುದು. ಅವರು ತಾವಿರುವ ದೇಶದ ಅಧಿಕೃತ ಸಂಸ್ಥೆಯ ಮೂಲಕವೇ ಬರಬೇಕು. ಇಲ್ಲಿರುವವರು ಹೊರದೇಶದ ಮಗುವನ್ನು ತರುವುದಕ್ಕೂ ನಿಯಮದಲ್ಲಿ ಅವಕಾಶವಿದೆ, ಅದಕ್ಕೂ ಕಾರಾದ ಒಪ್ಪಿಗೆ ಬೇಕು. ದೇಶ ಯಾವುದಾದರೂ ಮುಂದೆ ಹೇಳುವ ಆರೋಗ್ಯದ ಮಾತುಗಳು ಒಂದೇ.

ಪ್ರಯಾಣದ ಚೀಲದಲ್ಲಿ

ಮುಂಡರಗಿ, ಶಿರಹಟ್ಟಿಯವರು ರೈಲು ಹಿಡಿಯಲು ಗದಗಿಗೋ ಹುಬ್ಬಳ್ಳಿಗೋ ಬರಬೇಕು. ಮುಂದೆ ಒಂದು ರಾತ್ರಿ, ಎರಡು ರಾತ್ರಿಯ ದಾರಿ. ಹತ್ತು ಜನ ನೆಂಟರನ್ನು ಕಟ್ಟಿಕೊಂಡು ಹೋಗಬೇಡಿ. ಗಂಡಹೆಂಡಿರ ಜೊತೆಗೆ ಅನುಭವಸ್ಥ ಹಿರಿಯರೊಬ್ಬರು ಸಾಕು. ಮಗು ಸಿಕ್ಕ ದಿನವೇ ಹೊರಡದೆ, ಆದರೆ ಒಂದೆರಡು ದಿನ ಆ ಊರಿನಲ್ಲೇ ಉಳಿಯಿರಿ. ದಿನವೂ ಸಂಸ್ಥೆಗೆ ಹೋಗಿ ಆಯಾ ಹೇಗೆ ಎತ್ತಿಕೊಳ್ಳುತ್ತಾಳೆ, ಹೇಗೆ ಮಲಗಿಸುತ್ತಾಳೆ, ಯಾವ ಹಾಡು ಹೇಳುತ್ತಾಳೆ ಎಂದು ನೋಡಿ ಕಲಿಯಿರಿ.

ಸಂಸ್ಥೆಯಿಂದ ಕೇಳಿ ತರಬೇಕಾದವು: ಲಸಿಕೆಯ ಕಾರ್ಡು, ತೂಕದ ಪಟ್ಟಿ, ಎಲ್ಲ ಪರೀಕ್ಷೆಗಳ ಮೂಲ ವರದಿ, ಈಗ ಕೊಡುತ್ತಿರುವ ಔಷಧಿಗಳ ಹೆಸರು, ಹಾಲಿನ ಪುಡಿಯ ಹೆಸರು ಮತ್ತು ಅಳತೆ. ಜೊತೆಗೆ ಮಗು ಹೊದ್ದು ಮಲಗುತ್ತಿದ್ದ ಹಳೆಯ ಬಟ್ಟೆಯೊಂದನ್ನು ತನ್ನಿ, ಒಗೆಯದೆ ಹಾಗೆಯೇ. ಹೊಸ ಊರು, ಹೊಸ ಮುಖ, ಹೊಸ ಭಾಷೆಯ ನಡುವೆ ಆ ವಾಸನೆಯೊಂದೇ ಅದರ ಪರಿಚಯದ್ದು.

ಚೀಲದಲ್ಲಿ ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರು, ತೂಕಕ್ಕೆ ತಕ್ಕ ಅಳತೆ ಬರೆಸಿಕೊಂಡ ಪ್ಯಾರಾಸಿಟಮಾಲ್ ಸಿರಪ್ಪು, ಕುದಿಸಿ ಆರಿಸಿದ ನೀರು ಇರಲಿ. ಶೀಷೆಯ ಬದಲು ಬಟ್ಟಲು, ಚಮಚ ಅಥವಾ ಒಳಲೆ ಬಳಸಿ. ತೊಳೆಯುವುದು ಸುಲಭ, ಭೇದಿಯ ಭಯ ಕಡಿಮೆ. ಹಾಲಿನ ಪುಡಿ ಉಳಿಸಲು ನೀರು ಹೆಚ್ಚು ಮಾಡಬೇಡಿ, ಮಗು ದಪ್ಪಗಾಗಲೆಂದು ಪುಡಿ ಹೆಚ್ಚು ಹಾಕಲೂಬೇಡಿ. ಭೇದಿಯಾದರೆ ಓಆರ್‌ಎಸ್ ಜೊತೆ ಸತುವಿನ ಗುಳಿಗೆಯನ್ನು ವೈದ್ಯರ ಸಲಹೆಯಂತೆ 14 ದಿನ ಕೊಡಬೇಕು. 6 ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 2ರಿಂದ 6 ತಿಂಗಳ ಕೂಸಿಗೆ 10.

ನಮ್ಮ ನೀರಿನ ವಿಚಾರ

ಇದು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಮುಂಡರಗಿ, ಶಿರಹಟ್ಟಿ ಸೀಮೆಯ ಅನೇಕ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ಮೀರಲೇಬಾರದು. ತಾಯಿಯ ಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ. ಆದರೆ ದತ್ತು ಬಂದ ಕೂಸು ಕುಡಿಯುವುದು ಪುಡಿಯ ಹಾಲು, ಅದನ್ನು ಕಲಸುವುದು ನಿಮ್ಮ ಮನೆಯ ನೀರಿನಲ್ಲಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಆದ್ದರಿಂದ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ. ಇಲ್ಲವಾದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ತಂದು, ಅದನ್ನೇ ಕುದಿಸಿ ಬಳಸಿ. ನಲ್ಲಿ ನೀರು ದಿನಗಟ್ಟಲೆ ಬಾರದ ಊರುಗಳಲ್ಲಿ ತುಂಬಿಟ್ಟ ಹಂಡೆ, ಟಾಕಿಗಳನ್ನು ಮುಚ್ಚಿಡಿ. ಡೆಂಗಿ ಸೊಳ್ಳೆ ಅಲ್ಲಿಯೇ ಹುಟ್ಟುವುದು.

ಮನೆಗೆ ಬಂದ ಮೇಲೆ

ಮೊದಲ ವಾರದೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ. ಲಸಿಕೆ ಕಾರ್ಡು ಇಲ್ಲದಿದ್ದರೆ ಚಿಂತೆ ಬೇಡ, ವಯಸ್ಸಿಗೆ ತಕ್ಕಂತೆ ಮತ್ತೆ ಹಾಕಿಸಬಹುದು. ಕಿವಿ ಮತ್ತು ಕಣ್ಣಿನ ಪರೀಕ್ಷೆ ಮರೆಯಬೇಡಿ. ‘ಮಗು ಮಾತಾಡುತ್ತಿಲ್ಲ’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಕಿವುಡುತನ ಇರುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬೇಡಿ. ಬಜೆ, ಹರಳೆಣ್ಣೆ ಕುಡಿಸುವುದು ಬೇಡ. ಹೊಟ್ಟೆಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ. ಮಗು ಹಾಲು ಬಿಟ್ಟರೆ, ಮಂಕಾದರೆ, ಫಿಟ್ಸ್ ಬಂದರೆ, ಏದುಸಿರು ಬಿಟ್ಟರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ದೇಹಕ್ಕಿಂತ ಮನಸ್ಸಿನ ಆರೈಕೆ ದೊಡ್ಡದು. ಕೆಲವು ಮಕ್ಕಳು ರಾತ್ರಿಯಿಡೀ ಅಳುತ್ತವೆ. ಕೆಲವು ಅಳುವುದೇ ಇಲ್ಲ, ‘ಎಂಥ ಜಾಣ ಕೂಸು’ ಎಂದು ಹಿಗ್ಗುತ್ತೇವೆ. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಮಗುವೂ ಅಳುವುದಿಲ್ಲ! ಸ್ವಲ್ಪ ದೊಡ್ಡ ಮಗು ತಲೆದಿಂಬಿನ ಕೆಳಗೆ ರೊಟ್ಟಿಯ ತುಣುಕು ಬಚ್ಚಿಡಬಹುದು. ಗದರಿಸಬೇಡಿ. ನಾಳೆಯೂ ಊಟ ಸಿಗುತ್ತದೆ ಎಂಬ ನಂಬಿಕೆ ಬರಲು ದಿನ ಬೇಕು. ಮೊದಲ ಕೆಲವು ವಾರ ಉಣಿಸುವುದು, ಮೀಯಿಸುವುದು, ಮಲಗಿಸುವುದು ತಾಯಿತಂದೆಯೇ ಮಾಡಲಿ. ತೊಟ್ಟಿಲು ಕಾರ್ಯಕ್ಕೆ ಊರೆಲ್ಲ ಕರೆಯುವುದನ್ನು ಒಂದೆರಡು ತಿಂಗಳು ಮುಂದಕ್ಕೆ ಹಾಕಿ.

ಮನೆ ಸಿಕ್ಕರೆ ಮಗು ಹೇಗೆ ಚಿಗುರುತ್ತದೆ ಎಂಬುದಕ್ಕೆ ರುಮೇನಿಯಾದ ಬುಕಾರೆಸ್ಟ್ ನಗರದಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನ ಸಾಕ್ಷಿ. ಅನಾಥಾಲಯಗಳಲ್ಲಿದ್ದ 136 ಮಕ್ಕಳ ಪೈಕಿ ಅರ್ಧದಷ್ಟನ್ನು ಸಾಕು ಮನೆಗಳಲ್ಲಿ ಬೆಳೆಸಿದರು. ಮನೆ ಸೇರಿದ ಮಕ್ಕಳು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಮುಂದಾದರು, ಅದರಲ್ಲೂ 2 ವರ್ಷದೊಳಗೆ ಸೇರಿದವರು ಹೆಚ್ಚು. ‘ಯಾರ ರಕ್ತವೋ ಏನೋ’ ಎಂದು ಗೊಣಗುವ ಹಿರಿಯರಿಗೆ ಇದನ್ನು ಓದಿ ಹೇಳಿ.

ತಾಯಿಯನ್ನೂ ಗಮನಿಸಿ. ಹೆರದಿದ್ದರೂ ನಿದ್ದೆಗೆಡುವುದು, ‘ಈ ಮಗುವಿನ ಮೇಲೆ ನನಗೆ ಪ್ರೀತಿಯೇ ಹುಟ್ಟುತ್ತಿಲ್ಲವಲ್ಲ’ ಎಂದು ಕೊರಗುವುದು ಕೆಲವರಲ್ಲಿ ಉಂಟು. ಅದು ಪಾಪವಲ್ಲ. ಎರಡು ವಾರ ಮೀರಿದರೆ ವೈದ್ಯರಲ್ಲಿ ಹೇಳಿಕೊಳ್ಳಿ. ಎರಡು ವರ್ಷ ಕಾಲ ಆರು ತಿಂಗಳಿಗೊಮ್ಮೆ ಸಂಸ್ಥೆಯವರು ಬಂದು ನೋಡುತ್ತಾರೆ. ಅವರನ್ನು ತನಿಖೆಗೆ ಬಂದವರೆಂದು ತಿಳಿಯದೆ ಕಷ್ಟ ಹೇಳಿಕೊಳ್ಳಿ.

ಸತ್ಯವೇ ಔಷಧಿ

ಕೊನೆಯದಾಗಿ, ದತ್ತು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ‘ಮನೆತನದಲ್ಲಿ ಸಕ್ಕರೆ ಕಾಯಿಲೆ, ಅಸ್ತಮಾ ಇದೆಯೇ?’ ಎಂದು ನಾವು ಕೇಳಿದಾಗ ನಿಮ್ಮ ಮನೆತನದ ಉತ್ತರ ಕೊಟ್ಟರೆ ಚಿಕಿತ್ಸೆಯೇ ದಾರಿ ತಪ್ಪಬಹುದು. ‘ಗೊತ್ತಿಲ್ಲ’ ಎನ್ನುವುದೇ ಅಲ್ಲಿ ಸರಿಯಾದ ಉತ್ತರ.

ಮಗುವಿನಿಂದಲೂ ಮುಚ್ಚಿಡಬೇಡಿ. ನಮ್ಮ ಊರುಗಳಲ್ಲಿ ಗುಟ್ಟು ನಿಲ್ಲುವುದಿಲ್ಲ. ಜಾತ್ರೆಯಲ್ಲೋ ಶಾಲೆಯ ಜಗಳದಲ್ಲೋ ಬೇರೆಯವರ ಬಾಯಿಂದ ಕೇಳಿದ ಮಾತು ಹುಣ್ಣಾಗುತ್ತದೆ. ಮೂರು ನಾಲ್ಕು ವರ್ಷದಿಂದಲೇ, ಕತೆ ಹೇಳುವಂತೆ, ‘ನಿನಗಾಗಿ ನಾವು ಎಷ್ಟು ದಿನ ಕಾದೆವು, ಯಾವ ರೈಲು ಹತ್ತಿ ಬಂದೆವು, ನಿನ್ನನ್ನು ಮೊದಲು ಎತ್ತಿಕೊಂಡಾಗ ನೀನು ಅಪ್ಪನ ಕನ್ನಡಕ ಕಿತ್ತೆ’ ಎಂದು ಹೇಳುತ್ತಾ ಬನ್ನಿ. ಆ ಕತೆಯನ್ನು ಮಗು ಮತ್ತೆ ಮತ್ತೆ ಕೇಳುತ್ತದೆ. ಹೇಳಲು ಬೇಸರಪಡಬೇಡಿ.